ಒಂಬತ್ತನೇ ತರಗತಿಯ ಮಗನನ್ನು ಶಾಲೆಯ ಕಾಡಿನ ಕ್ಯಾಂಪಸ್‌ಗೆ ಕಳುಹಿಸುವುದೇ, ಬೇಡವೇ?

ಮೆಲ್ಬರ್ನ್ ತಾಯಿ

ಎಲ್ಲರಿಗೂ ನಮಸ್ಕಾರ. ನಮ್ಮ ಮಗ ಇಲ್ಲಿನ ಒಂದು ಖಾಸಗಿ ಹುಡುಗರ ಶಾಲೆಯಲ್ಲಿ ಎಂಟನೇ ತರಗತಿ ಓದುತ್ತಿದ್ದಾನೆ. ಮುಂದಿನ ವರ್ಷ ಇಡೀ ಒಂದು ಟರ್ಮ್ ಅವನ ತರಗತಿಯ ಹುಡುಗರೆಲ್ಲ ಬೆಟ್ಟದ ತಪ್ಪಲಿನಲ್ಲಿರುವ ಶಾಲೆಯ ಇನ್ನೊಂದು ಕ್ಯಾಂಪಸ್‌ನಲ್ಲಿ ಇರಬೇಕು. ಮೊಬೈಲ್ ಇಲ್ಲ, ಇಂಟರ್‌ನೆಟ್ ಇಲ್ಲ. ಮನೆಯವರೊಂದಿಗೆ ಮಾತೆಂದರೆ ಅಂಚೆಯ ಕಾಗದ ಮಾತ್ರ. ಅಡುಗೆ, ಪಾತ್ರೆ, ಸೌದೆ ಎಲ್ಲವೂ ಹುಡುಗರ ಪಾಲಿಗೆ. ವಾರಾಂತ್ಯದಲ್ಲಿ ಬೆನ್ನಿಗೆ ಚೀಲ ಹೊತ್ತು ಚಾರಣ. ಟರ್ಮ್ ಮುಗಿಯುವ ಹೊತ್ತಿಗೆ ಪ್ರತಿಯೊಬ್ಬನೂ ಕಾಡಿನಲ್ಲಿ ಒಂಟಿಯಾಗಿ ರಾತ್ರಿ ಕಳೆಯಬೇಕಂತೆ.

ಶಾಲೆಯ ಕೈಪಿಡಿಯಲ್ಲಿ ‘ಚಾರಿತ್ರ್ಯ ನಿರ್ಮಾಣ’ ಎಂಬ ಮಾತು ಮತ್ತೆ ಮತ್ತೆ ಬರುತ್ತದೆ. ಅದು ಹೇಗೆ ನಿರ್ಮಾಣವಾಗುತ್ತದೆ ಎಂಬ ವಿವರಣೆ ಮಾತ್ರ ಎಲ್ಲೂ ಇಲ್ಲ. ಯಜಮಾನರು ಕಣ್ಣು ಮುಚ್ಚಿಕೊಂಡು ಕಳುಹಿಸೋಣ ಎನ್ನುತ್ತಾರೆ. ದಾವಣಗೆರೆಯಲ್ಲಿರುವ ಅತ್ತೆಯವರು ವಿಷಯ ತಿಳಿದಾಗಿನಿಂದ ಸರಿಯಾಗಿ ಊಟ ಮಾಡುತ್ತಿಲ್ಲ. ನಮ್ಮದು ಸಸ್ಯಾಹಾರಿ ಮನೆ, ಮಗನಿಗೆ ಚಳಿಗಾಲದಲ್ಲಿ ಉಬ್ಬಸದ ತೊಂದರೆಯೂ ಇದೆ. ಆದರೆ ನನ್ನ ಚಿಂತೆ ಅದಷ್ಟೇ ಅಲ್ಲ. ಕಷ್ಟಕ್ಕೆ ಒಡ್ಡಿದ ಮಾತ್ರಕ್ಕೆ ಹುಡುಗ ಒಳ್ಳೆಯವನಾಗುತ್ತಾನೆಯೇ? ಮಕ್ಕಳನ್ನು ಇಂಥ ಕಡೆ ಕಳುಹಿಸಿದವರು, ಸ್ವತಃ ಹೋಗಿ ಬಂದವರು, ಈ ಕೆಲಸ ಮಾಡುವವರು ದಯವಿಟ್ಟು ಬರೆಯಿರಿ.

ಸಿಡ್ನಿ ಅಪ್ಪ

ಮೇಡಂ, ನಮ್ಮ ದೊಡ್ಡ ಮಗ ಇಂಥದೇ ಒಂದು ಕಾರ್ಯಕ್ರಮ ಮುಗಿಸಿ ಬಂದಿದ್ದಾನೆ. ಆಸ್ಟ್ರೇಲಿಯಾದ ಹುಡುಗರ ಶಾಲೆಗಳಲ್ಲಿ ಇದು ಹಳೆಯ ಪದ್ಧತಿ. ಇಲ್ಲಿನ ಸ್ಕಾಟ್ಸ್ ಕಾಲೇಜ್ ಎಂಬ ಶಾಲೆಯ ಒಂಬತ್ತನೇ ತರಗತಿಯ ಹುಡುಗರು ಕಾಂಗರೂ ಕಣಿವೆಯ ಗ್ಲೆನ್‌ಗ್ಯಾರಿಯಲ್ಲಿ ಎರಡು ಟರ್ಮ್ ಇರುತ್ತಾರೆ. ನ್ಯೂಜಿಲೆಂಡಿನ ಹ್ಯಾಮಿಲ್ಟನ್‌ನಲ್ಲಿರುವ ಸೇಂಟ್ ಪಾಲ್ಸ್ ಶಾಲೆ 1979ರಲ್ಲಿ ಟಿಹೊಯಿ ಎಂಬಲ್ಲಿ 18 ವಾರಗಳ ಇಂಥದೇ ಶಾಲೆ ತೆರೆಯಿತು.

ನಮ್ಮವನ ಶಾಲೆ ಯಾವುದೆಂದು ಹೇಳುವುದಿಲ್ಲ, ಅಲ್ಲಿ ನಡೆದದ್ದನ್ನು ಹೇಳುತ್ತೇನೆ. ಹುಡುಗರನ್ನು ಗುಂಪುಗಳಾಗಿ ಮಾಡಿ, ಗುಂಪಿಗೊಂದು ಮರದ ಮನೆ ಕೊಡುತ್ತಾರೆ. ಸ್ನಾನದ ನೀರು ಕಾಯುವುದು ಸೌದೆಯಿಂದ. ನಮ್ಮ ಮಲೆನಾಡಿನ ಬಚ್ಚಲೊಲೆಯನ್ನೇ ದೊಡ್ಡದು ಮಾಡಿ ಇಟ್ಟಂತೆ ಒಂದು ಬಾಯ್ಲರ್. ಸೌದೆ ಒಡೆಯಲು ಸರದಿ ಇರುತ್ತದೆ. ಒಡೆದದ್ದನ್ನು ಮಳೆಗೆ ನೆನೆಯದಂತೆ ಮಾಡಿನ ಕೆಳಗೆ ಒಟ್ಟಬೇಕು, ಚಕ್ಕೆಗಳನ್ನು ಬೇರೆ ಇಡಬೇಕು, ರಾತ್ರಿಯೇ ಬೂದಿ ತೆಗೆದಿರಬೇಕು. ಒಂದು ದಿನ ನಮ್ಮವನು ಒಡೆದ ಸೌದೆಯನ್ನು ಬಯಲಲ್ಲೇ ಬಿಟ್ಟು ಬಂದಿದ್ದನಂತೆ. ರಾತ್ರಿ ಮಳೆ ಬಂತು. ಬೆಳಿಗ್ಗೆ ಬೆಂಕಿ ಹತ್ತಲಿಲ್ಲ, ಬರೀ ಹೊಗೆ. ಮನೆಯ ಅಷ್ಟೂ ಹುಡುಗರು ಹಿಮ ಬೀಳುವ ಕಾಲದಲ್ಲಿ ತಣ್ಣೀರು ಮೈಮೇಲೆ ಹಾಕಿಕೊಂಡು ಪಾಠಕ್ಕೆ ಹೋದರು. ಮೇಷ್ಟ್ರು ಬೈಯಲಿಲ್ಲ, ಶಿಕ್ಷೆಯನ್ನೂ ಕೊಡಲಿಲ್ಲ. ಅವನು ಬರೆದ ಕಾಗದದಲ್ಲಿ ಒಂದು ಸಾಲು ಹೀಗಿತ್ತು: “ಅಪ್ಪಾ, ಯಾರೂ ನನ್ನ ಹತ್ತಿರ ಜಗಳ ಮಾಡಲಿಲ್ಲ, ಅದೇ ಕಷ್ಟವಾಯಿತು.”

ಮನೆಗೆ ಬಂದ ಮೇಲೆ ಮೊಬೈಲ್ ಮೊದಲಿನಂತೆಯೇ ಕೈಗೆ ಬಂತು, ಕೋಣೆ ಮೊದಲಿನಂತೆಯೇ ಕೆದರಿತು. ಅದನ್ನು ಮುಚ್ಚಿಡುವುದಿಲ್ಲ. ಆದರೆ ತನ್ನ ಕೆಲಸವನ್ನು ತಾನು ಬಿಟ್ಟರೆ ಇನ್ನೊಬ್ಬರು ಅದನ್ನು ಹೊರಬೇಕಾಗುತ್ತದೆ ಎಂಬ ಅರಿವು ಉಳಿದಿದೆ. ಊಟವಾದ ಮೇಲೆ ಅವನ ಅಮ್ಮ ಒಬ್ಬಳೇ ಅಡುಗೆಮನೆಯಲ್ಲಿ ನಿಂತಿದ್ದರೆ ತಾನಾಗಿ ಎದ್ದು ಹೋಗುತ್ತಾನೆ. ನನಗೆ ಅಷ್ಟು ಸಾಕು.

ಚಾರಣ ತರಬೇತುದಾರ, ಬೆಂಗಳೂರು

ಶಾಲಾ ಮಕ್ಕಳನ್ನು ಬೆಟ್ಟಕ್ಕೆ ಕರೆದೊಯ್ಯುವುದೇ ನನ್ನ ವೃತ್ತಿ. ಉತ್ತರಕಾಶಿಯ ನೆಹರೂ ಪರ್ವತಾರೋಹಣ ಸಂಸ್ಥೆಯಲ್ಲಿ ಕಲಿತು, ಈಗ ರಾಮನಗರದ ಬಂಡೆಗಳಲ್ಲಿ ಮಕ್ಕಳಿಗೆ ಹಗ್ಗ ಹಿಡಿಯುವುದನ್ನು ಕಲಿಸುತ್ತೇನೆ. ತಾಯಿಯವರು ಕೇಳಿರುವ ಪ್ರಶ್ನೆಯನ್ನು ನಮ್ಮ ವೃತ್ತಿಯವರೇ ಕೇಳಿಕೊಳ್ಳುವುದು ಅಪರೂಪ. ಆದ್ದರಿಂದ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ಈ ಪದ್ಧತಿಯ ಬೇರು ಹುಡುಕುತ್ತಾ ಹೋದರೆ ಕುರ್ಟ್ ಹಾನ್ ಎಂಬ ಜರ್ಮನ್ ಶಿಕ್ಷಣತಜ್ಞ ಸಿಗುತ್ತಾರೆ. 1920ರಲ್ಲಿ ಬಾಡೆನ್‌ನ ರಾಜಕುಮಾರ ಮ್ಯಾಕ್ಸ್ ಅವರೊಂದಿಗೆ ಸೇಲಂ ಎಂಬ ಶಾಲೆ ತೆರೆದರು (ನಮ್ಮ ತಮಿಳುನಾಡಿನ ಸೇಲಂ ಅಲ್ಲ, ಜರ್ಮನಿಯದು). ಯಹೂದಿ ಮನೆತನದವರು, ಹಿಟ್ಲರನನ್ನು ಬಹಿರಂಗವಾಗಿ ವಿರೋಧಿಸಿದವರು. 1933ರಲ್ಲಿ ನಾಜಿಗಳು ಅವರನ್ನು ಬಂಧಿಸಿದರು. ಬಿಡುಗಡೆಯಾದ ಮೇಲೆ ಬ್ರಿಟನ್ನಿಗೆ ಹೋಗಿ 1934ರಲ್ಲಿ ಸ್ಕಾಟ್ಲೆಂಡಿನ ಕಡಲ ತೀರದಲ್ಲಿ ಗಾರ್ಡನ್‌ಸ್ಟನ್ ಎಂಬ ಹುಡುಗರ ಶಾಲೆಯನ್ನು ಕಟ್ಟಿದರು. ಆ ಶಾಲೆಯ ಹೆಸರು ಹೇಳಿದರೆ ಜನಕ್ಕೆ ನೆನಪಾಗುವುದು ಬೆಳಗಿನ ಓಟ ಮತ್ತು ತಣ್ಣೀರು ಸ್ನಾನ. ಹಾನ್ ಅವರ ಮನಸ್ಸಿನಲ್ಲಿ ಇದ್ದದ್ದು ಅದಕ್ಕಿಂತ ದೊಡ್ಡದು. ಗಾರ್ಡನ್‌ಸ್ಟನ್‌ನ ಹುಡುಗರು ಕರಾವಳಿ ಕಾವಲಿನವರ ಜೊತೆ ಪಾಳಿಯ ಮೇಲೆ ಸಮುದ್ರ ಕಾಯುತ್ತಿದ್ದರು, ಅಗ್ನಿಶಾಮಕ ದಳದಲ್ಲಿ, ಪರ್ವತ ರಕ್ಷಣಾ ತಂಡದಲ್ಲಿ ಕೆಲಸ ಮಾಡುತ್ತಿದ್ದರು. ಎಳೆಯರಲ್ಲಿ ಕುಸಿಯುತ್ತಿರುವ ಗುಣಗಳನ್ನು ಅವರು ಪಟ್ಟಿ ಮಾಡಿದಾಗ ದೇಹದ ಕಸುವು, ಸ್ವಂತ ಮುಂದಾಳುತನ, ಕೈಕುಶಲತೆ, ಶಿಸ್ತು ಇವೆಲ್ಲ ಅದರಲ್ಲಿದ್ದವು. ಎಲ್ಲಕ್ಕಿಂತ ಕೆಟ್ಟ ಕುಸಿತವೆಂದು ಅವರು ಎಣಿಸಿದ್ದು ಕರುಣೆಯ ಕುಸಿತವನ್ನು.

1941ರಲ್ಲಿ ವೇಲ್ಸ್‌ನ ಅಬರ್‌ಡೋವಿಯಲ್ಲಿ ಔಟ್‌ವರ್ಡ್ ಬೌಂಡ್ ಎಂಬ ಸಾಹಸ ತರಬೇತಿ ಶಾಲೆ ಆರಂಭವಾದ ಕಾರಣವೂ ತಿಳಿದಿರಬೇಕು. ಯುದ್ಧದ ಕಾಲ. ಹಡಗು ಮುಳುಗಿ ಲೈಫ್‌ಬೋಟ್ ಹತ್ತಿದವರಲ್ಲಿ ಗಟ್ಟಿಮುಟ್ಟಾದ ಎಳೆಯ ನಾವಿಕರು ಸಾಯುತ್ತಿದ್ದಾರೆ, ವಯಸ್ಸಾದವರು ಬದುಕಿ ಬರುತ್ತಿದ್ದಾರೆ ಎಂದು ಬ್ಲೂ ಫನಲ್ ಹಡಗು ಕಂಪನಿಯ ಲಾರೆನ್ಸ್ ಹೋಲ್ಟ್ ಕಳವಳಗೊಂಡಿದ್ದರು. ಅವರು ಹಾನ್ ಜೊತೆ ಸೇರಿ ಸುಮಾರು ನಾಲ್ಕು ವಾರಗಳ ತರಬೇತಿಯನ್ನು ರೂಪಿಸಿದರು. ತೋಳಿನ ಬಲಕ್ಕಿಂತ ಸಹನೆ, ಪಕ್ಕದವನ ಮೇಲೆ ನಂಬಿಕೆ, ಕೈಬಿಡದ ಮನಸ್ಸು ದೋಣಿಯಲ್ಲಿ ಜೀವ ಉಳಿಸುತ್ತವೆ ಎಂಬುದು ಅದರ ಆಧಾರ.

ಮೆಲ್ಬರ್ನಿಗೆ ಹತ್ತಿರದ ಉದಾಹರಣೆ ಟಿಂಬರ್‌ಟಾಪ್. ಜೀಲಾಂಗ್ ಗ್ರಾಮರ್ ಶಾಲೆಯ ಮುಖ್ಯೋಪಾಧ್ಯಾಯ ಜೇಮ್ಸ್ ಡಾರ್ಲಿಂಗ್ 1953ರಲ್ಲಿ ವಿಕ್ಟೋರಿಯಾದ ಮ್ಯಾನ್ಸ್‌ಫೀಲ್ಡ್ ಬಳಿಯ ಬೆಟ್ಟದಲ್ಲಿ ಅದನ್ನು ತೆರೆದರು. ಆಗ ಅದು ಹುಡುಗರ ಶಾಲೆ. ಹೆಣ್ಣುಮಕ್ಕಳು ಬಂದದ್ದು 1970ರ ದಶಕದಲ್ಲಿ. ಈಗಿನ ಬ್ರಿಟನ್ ದೊರೆ ಚಾರ್ಲ್ಸ್ 1966ರಲ್ಲಿ ಅಲ್ಲಿ ಎರಡು ಟರ್ಮ್ ಇದ್ದರು. ಸಿಡ್ನಿಯ ಸಾರ್ ಬರೆದ ಸೌದೆ ಮತ್ತು ಬಾಯ್ಲರ್ ಪದ್ಧತಿಗೆ ಹೆಸರಾದದ್ದು ಅದೇ ಟಿಂಬರ್‌ಟಾಪ್.

ನನ್ನ ಅನುಭವದಲ್ಲಿ ಮಕ್ಕಳು ಬದಲಾಗುವುದು ಬೆಟ್ಟದ ತುದಿಯಲ್ಲಿ ಅಲ್ಲ. ಹಗ್ಗದ ಇನ್ನೊಂದು ತುದಿಯನ್ನು ಹಿಡಿದು ಕೆಳಗೆ ನಿಂತಾಗ. ರಾಮನಗರದಲ್ಲಿ ಬಂಡೆ ಹತ್ತುವ ಹುಡುಗನಿಗೆ ಚಪ್ಪಾಳೆ ಸಿಗುತ್ತದೆ. ಅವನ ಹಗ್ಗವನ್ನು ಕೆಳಗಿನಿಂದ ಕಾಯುವವನನ್ನು ಯಾರೂ ನೋಡುವುದಿಲ್ಲ. ಅವನ ಕಣ್ಣು ಮಾತ್ರ ಮೇಲಿನವನ ಕಾಲಿನ ಮೇಲೆಯೇ ಇರುತ್ತದೆ, ಬಲಗೈ ಹಗ್ಗದಿಂದ ಒಂದು ಕ್ಷಣವೂ ಕದಲುವುದಿಲ್ಲ. ತರಗತಿಯಲ್ಲಿ ಒಂದು ನಿಮಿಷ ಕೂರಲಾರದ ಹುಡುಗ ಅಲ್ಲಿ ಸ್ತಬ್ಧನಾಗಿ ನಿಲ್ಲುವುದನ್ನು ನಾನು ಎಷ್ಟೋ ಸಲ ಕಂಡಿದ್ದೇನೆ. ಏಕೆಂದರೆ ಆಗ ಒಬ್ಬ ಗೆಳೆಯನ ಜೀವ ನಿಜವಾಗಿಯೂ ಅವನ ಕೈಯಲ್ಲಿರುತ್ತದೆ.

ಆದ್ದರಿಂದ ಮೇಡಂ, ಎಷ್ಟು ಕಷ್ಟ ಕೊಡುತ್ತಾರೆ ಎಂಬುದನ್ನು ಬಿಡಿ. ನಿಮ್ಮ ಮಗನ ಕೈಗೆ ಯಾವ ನಿಜವಾದ ಜವಾಬ್ದಾರಿ ಕೊಡುತ್ತಾರೆ, ಅದರಿಂದ ಯಾರಿಗೆ ಉಪಯೋಗ ಎಂದು ಶಾಲೆಯನ್ನು ಕೇಳಿ.

ಮನಃಶಾಸ್ತ್ರ ಅಧ್ಯಾಪಕಿ, ಮೈಸೂರು

ತರಬೇತುದಾರರ ಮಾತು ಮನಸ್ಸಿಗೆ ಹಿಡಿಸಿತು. ಆದರೂ ‘ಚಾರಿತ್ರ್ಯ’ ಎಂಬುದನ್ನು ಕಾಡಿನಲ್ಲಿ ಗಳಿಸಿ ಪಟ್ಟಣಕ್ಕೆ ಹೊತ್ತು ತರಬಹುದು ಎಂದು ನಾವು ಸುಲಭವಾಗಿ ನಂಬಬಾರದು.

ಅಮೆರಿಕದಲ್ಲಿ ಹಾರ್ಟ್‌ಶೋರ್ನ್ ಮತ್ತು ಮೇ ಎಂಬ ಸಂಶೋಧಕರು 1920ರ ದಶಕದಲ್ಲಿ ಸುಮಾರು 11,000 ಮಕ್ಕಳ ಪ್ರಾಮಾಣಿಕತೆಯನ್ನು ಪರೀಕ್ಷಿಸಿದರು. ಪರೀಕ್ಷೆಯಲ್ಲಿ, ಆಟದಲ್ಲಿ, ಮನೆಯಲ್ಲಿ ಮೋಸ ಮಾಡುವ ಅವಕಾಶ ಕೊಟ್ಟು ನೋಡಿದರು. ಒಂದು ಕಡೆ ಪ್ರಾಮಾಣಿಕನಾಗಿದ್ದ ಮಗು ಇನ್ನೊಂದು ಕಡೆಯೂ ಹಾಗೆಯೇ ಇರುತ್ತದೆ ಎಂದು ಹೇಳುವಂತಿರಲಿಲ್ಲ. ನಡತೆ ಸಂದರ್ಭಕ್ಕೆ ಬಹಳ ಮಟ್ಟಿಗೆ ಅಂಟಿಕೊಂಡಿತ್ತು. ಇದೇ ಬಗೆಯ ವಾದವನ್ನು ಮುಂದಿಟ್ಟು ಆಸ್ಟ್ರೇಲಿಯಾದವರೇ ಆದ ಆಂಡ್ರ್ಯೂ ಬ್ರೂಕ್ಸ್ 2003ರಲ್ಲಿ ಹಾನ್ ಪರಂಪರೆಯ ಹೊರಾಂಗಣ ಶಿಕ್ಷಣವನ್ನು ಪ್ರಶ್ನಿಸಿದರು. ಕಾಡಿನಲ್ಲಿ ಸಹಕರಿಸುವ ಹುಡುಗ ಕಾಡಿನ ಸಂದರ್ಭಕ್ಕೆ ತಕ್ಕಂತೆ ನಡೆದುಕೊಳ್ಳುತ್ತಿರಬಹುದು, ಅದರಿಂದ ಅವನ ಸ್ವಭಾವವೇ ಬದಲಾಯಿತು ಎನ್ನಲು ಬರುವುದಿಲ್ಲ ಎಂಬುದು ಆ ಟೀಕೆಯ ತಿರುಳು.

ಇನ್ನೊಂದು ಬದಿಯನ್ನೂ ಹೇಳಲೇಬೇಕು. ಜಾನ್ ಹ್ಯಾಟಿ ಮತ್ತು ಸಂಗಡಿಗರು 1997ರಲ್ಲಿ 96 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದರು. ಸಾಹಸ ಶಿಕ್ಷಣದ ಸರಾಸರಿ ಪರಿಣಾಮ 0.34 ಎಂದು ಬಂತು, ಅಂದರೆ ಮಕ್ಕಳ ನಡುವಿನ ಸಾಮಾನ್ಯ ಅಂತರದ (ಸ್ಟ್ಯಾಂಡರ್ಡ್ ಡೀವಿಯೇಷನ್) ಸುಮಾರು ಮೂರನೇ ಒಂದು ಭಾಗದಷ್ಟು ಸುಧಾರಣೆ. ಅದು ಮಧ್ಯಮ ಪ್ರಮಾಣದ್ದು, ಶಾಲೆಯ ಇತರ ಒಳ್ಳೆಯ ಪ್ರಯತ್ನಗಳಷ್ಟೇ. ಆದರೆ ಸಾಮಾನ್ಯವಾಗಿ ಕಾಲ ಕಳೆದಂತೆ ಕರಗುವ ಪರಿಣಾಮ ಇಲ್ಲಿ ಕರಗಲಿಲ್ಲ, ಮುಂದೆ ಅಳೆದಾಗ ಇನ್ನೂ 0.17ರಷ್ಟು ಹೆಚ್ಚಿತ್ತು. ದೀರ್ಘ ಕಾರ್ಯಕ್ರಮಗಳು ಚಿಕ್ಕವುಗಳಿಗಿಂತ ಚೆನ್ನಾಗಿ ಕೆಲಸ ಮಾಡಿದ್ದವು. ಕಾರ್ಯಕ್ರಮದಿಂದ ಕಾರ್ಯಕ್ರಮಕ್ಕೆ ಅಜಗಜಾಂತರವೂ ಇತ್ತು. ಹೀಗಾಗಿ ಶನಿವಾರ ಹೋಗಿ ಭಾನುವಾರ ಬರುವ ‘ವ್ಯಕ್ತಿತ್ವ ವಿಕಸನ ಶಿಬಿರ’ಗಳ ಮೇಲೆ ನನಗೆ ನಂಬಿಕೆಯಿಲ್ಲ. ಒಂದು ಟರ್ಮ್ ಎಂದರೆ ಯೋಚಿಸಬಹುದು.

ಸಂದರ್ಭ ಮುಖ್ಯವಾದರೆ ಮನೆಯೂ ಒಂದು ಸಂದರ್ಭವೇ. ಸಿಡ್ನಿಯವರ ಮಗ ಪಾತ್ರೆ ತೊಳೆಯಲು ಏಳುತ್ತಾನೆ ಎಂದರೆ, ಆ ಮನೆಯಲ್ಲಿ ಹುಡುಗ ಪಾತ್ರೆ ತೊಳೆಯುವುದನ್ನು ಯಾರೂ ತಡೆಯುವುದಿಲ್ಲ ಎಂದೂ ಅರ್ಥ. ಎಷ್ಟೋ ಮನೆಗಳಲ್ಲಿ ಅಜ್ಜಿಯೇ “ನೀನು ಬಿಡು ಕಂದ, ಹೋಗಿ ಓದಿಕೋ” ಎಂದು ಕೈಯಿಂದ ತಟ್ಟೆ ಕಿತ್ತುಕೊಳ್ಳುತ್ತಾರೆ. ಅಂಥ ಮನೆಗೆ ಮರಳಿದ ಹುಡುಗನಿಗೆ ಕಾಡಿನಲ್ಲಿ ಕಲಿತದ್ದರಿಂದ ಏನು ಪ್ರಯೋಜನ?

ಹಳೆಯ ವಸತಿ ಶಾಲೆಯ ಹುಡುಗ, ಬೆಳಗಾವಿ

ಇಲ್ಲಿಯವರೆಗೆ ಯಾರೂ ಎತ್ತದ ವಿಷಯವನ್ನು ಎತ್ತುತ್ತಿದ್ದೇನೆ. ಹುಡುಗರು ಮಾತ್ರ ಇರುವ, ಊರಿನಿಂದ ದೂರವಿರುವ, ಮನೆಗೆ ಫೋನ್ ಮಾಡಲು ಆಗದ ಜಾಗದಲ್ಲಿ ರಾತ್ರಿ ದೀಪ ಆರಿದ ಮೇಲೆ ಏನು ನಡೆಯುತ್ತದೆ?

ನಾನು ಓದಿದ್ದು ಶಿಸ್ತಿಗೆ ಹೆಸರಾದ ಒಂದು ವಸತಿ ಶಾಲೆಯಲ್ಲಿ. ಹೆಸರು ಬೇಡ. ಬೆಳಗಿನ ಜಾವದ ಪಿ.ಟಿ., ಬಿಸಿಲಿನಲ್ಲಿ ಕ್ರಾಸ್‌ಕಂಟ್ರಿ ಓಟ, ವರ್ಷಕ್ಕೊಮ್ಮೆ ಕಾಳಿ ನದಿಯ ಕಡೆ ಶಿಬಿರ, ಎಲ್ಲವೂ ಇತ್ತು. ಓಟದಿಂದ ನನಗೆ ಒಳ್ಳೆಯದೇ ಆಯಿತು, ಇಂದಿಗೂ ಓಡುತ್ತೇನೆ. ಆದರೆ ಶಿಬಿರದಲ್ಲಿ ಚಿಕ್ಕವರನ್ನು ದೊಡ್ಡವರ ವಶಕ್ಕೆ ಕೊಟ್ಟು ಮೇಷ್ಟ್ರುಗಳು ತಮ್ಮ ಡೇರೆಗೆ ಹೋಗಿಬಿಡುತ್ತಿದ್ದರು. ಅದಕ್ಕೆ ‘ನಾಯಕತ್ವ ತರಬೇತಿ’ ಎಂದು ಹೆಸರು. ಸೀನಿಯರ್‌ಗಳ ಬಟ್ಟೆ ಒಗೆಯುವುದು, ನಡುರಾತ್ರಿ ಮರಳಿನ ಮೇಲೆ ಮೊಣಕೈ ಊರಿ ತೆವಳುವುದು, ಅತ್ತರೆ ಇನ್ನೂ ಒಂದು ಸುತ್ತು. ಅದನ್ನು ಅನುಭವಿಸಿದ ನಮ್ಮಲ್ಲಿ ಹೆಚ್ಚಿನವರು ಸೀನಿಯರ್ ಆದಾಗ ಅದನ್ನೇ ಮಾಡಿದರು. “ನಾವು ಗಟ್ಟಿಯಾಗಲಿಲ್ಲವೇ?” ಎಂದು ಈಗಲೂ ಹಳೆಯ ವಿದ್ಯಾರ್ಥಿಗಳ ಸಭೆಯಲ್ಲಿ ಕೇಳುತ್ತಾರೆ. ಗಟ್ಟಿಯಾದೆವು ನಿಜ, ಪಕ್ಕದವನು ಅಳುವಾಗ ಮುಖ ತಿರುಗಿಸಿಕೊಳ್ಳುವಷ್ಟು ಗಟ್ಟಿಯಾದೆವು. ಕರುಣೆಯ ಕುಸಿತ ಎಂದು ತರಬೇತುದಾರರು ಬರೆದದ್ದನ್ನು ಓದಿ ನನಗೆ ಬಹಳ ಹೊತ್ತು ಬೇರೆ ಏನೂ ಮಾಡಲು ಆಗಲಿಲ್ಲ.

ಅವರು ಹೊಗಳಿದ ಗಾರ್ಡನ್‌ಸ್ಟನ್‌ನಲ್ಲಿಯೂ ಹಲವು ದಶಕಗಳ ಕಾಲ ಮಕ್ಕಳ ಮೇಲೆ ದೌರ್ಜನ್ಯ ನಡೆದಿತ್ತು ಎಂದು ಸ್ಕಾಟ್ಲೆಂಡಿನ ಮಕ್ಕಳ ದೌರ್ಜನ್ಯ ವಿಚಾರಣಾ ಆಯೋಗ ದಾಖಲಿಸಿದೆ. ಒಳ್ಳೆಯ ತತ್ವ ಇದ್ದ ಮಾತ್ರಕ್ಕೆ ಮಕ್ಕಳಿಗೆ ರಕ್ಷಣೆ ಸಿಗುವುದಿಲ್ಲ. ಮೇಡಂ, ಮಗ ಬರೆಯುವ ಕಾಗದವನ್ನು ಯಾರಾದರೂ ಓದಿ ಕಳುಹಿಸುತ್ತಾರೆಯೇ? ಅವನಿಗೆ ತೊಂದರೆಯಾದರೆ ಅಲ್ಲಿ ಅವನ ಗುಂಪಿನ ಮನೆ ನೋಡಿಕೊಳ್ಳುವ ಮೇಷ್ಟ್ರನ್ನು ಬಿಟ್ಟು ಬೇರೆ ಯಾರ ಬಳಿ ಹೇಳಿಕೊಳ್ಳಬಹುದು? ರಾತ್ರಿ ಪಕ್ಕದ ಕೋಣೆಯಲ್ಲಿ ದೊಡ್ಡವರು ಯಾರು ಮಲಗುತ್ತಾರೆ? ಈ ಮೂರಕ್ಕೆ ತಡವರಿಸದೆ ಉತ್ತರ ಬಂದರೆ ಮಾತ್ರ ಮುಂದಿನ ಮಾತು.

ಚಾರಣ ತರಬೇತುದಾರ, ಬೆಂಗಳೂರು

ಬೆಳಗಾವಿಯ ಗೆಳೆಯರೇ, ನೀವು ಇದನ್ನು ಬರೆದದ್ದು ಒಳ್ಳೆಯದಾಯಿತು. ದೊಡ್ಡ ಹುಡುಗರ ಕೈಗೆ ಚಿಕ್ಕವರನ್ನು ಒಪ್ಪಿಸಿ ಮಲಗುವ ಮೇಷ್ಟ್ರು ನನ್ನ ತಂಡದಲ್ಲಿದ್ದರೆ ಅಂದೇ ಬಸ್ ಹತ್ತಿಸಿ ಕಳುಹಿಸುತ್ತೇನೆ.

ಜವಾಬ್ದಾರಿ ಬೇರೆ, ಅಧಿಕಾರ ಬೇರೆ. ಡೆಹ್ರಾಡೂನಿನ ಡೂನ್ ಶಾಲೆಯನ್ನು ನೋಡಿ. 1935ರಲ್ಲಿ ಆರಂಭವಾದ ಹುಡುಗರ ಶಾಲೆ. ಟರ್ಮ್ ನಡುವೆ ಹುಡುಗರು ಹಿಮಾಲಯದ ಕಡೆ ಹೊರಡುವ ‘ಮಿಡ್‌ಟರ್ಮ್’ ಅಲ್ಲಿನ ದೊಡ್ಡ ಪರಂಪರೆ. ಹಿರಿಯ ತರಗತಿಯವರು ದಾರಿ, ಊಟ, ಖರ್ಚು ಎಲ್ಲವನ್ನೂ ತಾವೇ ಯೋಜಿಸುತ್ತಾರೆ. ಆ ಪರಂಪರೆಯ ಹಿಂದೆ ಬೆಟ್ಟವನ್ನು ಬಲ್ಲ ಮೇಷ್ಟ್ರುಗಳಿದ್ದರು. ಹೋಲ್ಡ್ಸ್‌ವರ್ತ್ 1931ರಲ್ಲಿ 7,756 ಮೀಟರ್ ಎತ್ತರದ ಕಾಮೆಟ್ ಶಿಖರ ಏರಿದವರು. ಗುರುದಯಾಳ್ ಸಿಂಗ್ 1951ರಲ್ಲಿ ತ್ರಿಶೂಲ ಶಿಖರ ಏರಿದವರು. ಅಲ್ಲಿ ಓದಿದ ನಂದು ಜಯಾಲ್, 1954ರಲ್ಲಿ ಡಾರ್ಜಿಲಿಂಗಿನಲ್ಲಿ ಹಿಮಾಲಯ ಪರ್ವತಾರೋಹಣ ಸಂಸ್ಥೆ ಶುರುವಾದಾಗ ಅದರ ಮೊದಲ ಪ್ರಾಂಶುಪಾಲರಾದರು. ಹುಡುಗರಿಗೆ ಸ್ವಾತಂತ್ರ್ಯ ಕೊಡಲು ಹಿರಿಯರಿಗೆ ಅಷ್ಟು ಅರ್ಹತೆ ಬೇಕು. ಸ್ವತಃ ಬೆಟ್ಟ ಗೊತ್ತಿಲ್ಲದವರು ಹುಡುಗರನ್ನು ಬಿಟ್ಟರೆ ಅದು ಬರೀ ಹೊಣೆಗೇಡಿತನ.

ಸ್ಕೌಟ್ ಮೇಷ್ಟ್ರು, ಸಾಗರ ತಾಲ್ಲೂಕು

ಸರ್ಕಾರಿ ಪ್ರೌಢಶಾಲೆಯ ಶಿಕ್ಷಕ, ಸ್ಕೌಟ್ ದಳ ನಡೆಸುತ್ತೇನೆ. ನೀವೆಲ್ಲ ಬರೆಯುತ್ತಿರುವ ಶಾಲೆಗಳ ಒಂದು ವರ್ಷದ ಶುಲ್ಕದಲ್ಲಿ ನಮ್ಮ ದಳ ಎಷ್ಟು ವರ್ಷ ನಡೆಯಬಹುದೆಂದು ಲೆಕ್ಕ ಹಾಕಲು ಹೋಗಿ ಬಿಟ್ಟುಬಿಟ್ಟೆ.

ಸ್ಕೌಟ್ ಚಳವಳಿಯ ಸ್ಥಾಪಕ ಬೇಡನ್ ಪೊವೆಲ್ 1907ರ ಆಗಸ್ಟ್‌ನಲ್ಲಿ ಇಂಗ್ಲೆಂಡಿನ ಬ್ರೌನ್‌ಸೀ ದ್ವೀಪದಲ್ಲಿ ಮೊದಲ ಪ್ರಾಯೋಗಿಕ ಶಿಬಿರ ನಡೆಸಿದಾಗ ಸುಮಾರು 20 ಹುಡುಗರಿದ್ದರು. ಕೆಲವರು ಶ್ರೀಮಂತರ ಶಾಲೆಗಳಿಂದ ಬಂದವರು, ಉಳಿದವರು ಪೂಲ್ ಮತ್ತು ಬೋರ್ನ್‌ಮತ್ ಪಟ್ಟಣಗಳ ದುಡಿಯುವ ಮನೆಗಳಿಂದ ಬಂದವರು. ಅವರನ್ನು ಬೆರೆಸಿ ತೋಳ, ಗೂಳಿ, ಕಾಗೆ, ಕಡಲಹಕ್ಕಿ ಎಂಬ ನಾಲ್ಕು ತಂಡ ಮಾಡಿ, ಪ್ರತಿ ತಂಡಕ್ಕೂ ಹುಡುಗರಲ್ಲೇ ಒಬ್ಬ ನಾಯಕನನ್ನು ನೇಮಿಸಿದರು. ಆ ಕಾಲದ ಇಂಗ್ಲೆಂಡಿನಲ್ಲಿ ಆ ಬೆರೆಸುವಿಕೆಯೇ ದೊಡ್ಡ ಸಾಹಸ ಎಂದು ನನ್ನ ಭಾವನೆ. ಹಾನ್ ಕೂಡ ತಮ್ಮ ಶಾಲೆಯ ನಿಯಮಗಳಲ್ಲಿ, ಸಿರಿವಂತರ ಮಕ್ಕಳನ್ನು ಸವಲತ್ತಿನ ಭಾವದಿಂದ ಬಿಡಿಸಬೇಕು ಎಂದು ಬರೆದಿದ್ದಾರೆ. ಅದೇ ಶಾಲೆಯ, ಅದೇ ಶುಲ್ಕ ಕಟ್ಟುವ ಮನೆಗಳ ಹುಡುಗರನ್ನು ಒಟ್ಟಿಗೆ ಕಾಡಿಗೆ ಕಳುಹಿಸಿದರೆ ಆ ಭಾವ ಹೇಗೆ ಹೋಗುತ್ತದೆ? ಅಲ್ಲಿನ ಹಳ್ಳಿಯವರ ಜೊತೆ, ಆ ಭೂಮಿಯ ಮೂಲನಿವಾಸಿಗಳ ಜೊತೆ ಅವರಿಗೆ ಏನಾದರೂ ಒಡನಾಟ ಇದೆಯೇ?

ನಮ್ಮ ದಳದ ಹುಡುಗರಿಗೆ ಸೌದೆ ಒಡೆಯುವುದನ್ನು ಕಲಿಸಬೇಕಾಗಿಲ್ಲ. ಶಾಲೆಗೆ ಬರುವ ಮೊದಲು ಕೊಟ್ಟಿಗೆಯ ಕೆಲಸ ಮುಗಿಸಿ ಬರುತ್ತಾರೆ, ಅಡಿಕೆ ಸುಲಿಯುವ ಕಾಲದಲ್ಲಿ ರಾತ್ರಿ ನಿದ್ದೆಗೆಡುತ್ತಾರೆ. ಅದನ್ನು ಯಾರೂ ಶಿಕ್ಷಣ ಎಂದು ಕರೆದು ಪ್ರಮಾಣಪತ್ರ ಕೊಡಲಿಲ್ಲ. ಅವರಿಗೆ ಬೇಕಾದದ್ದು ಬೇರೆ: ನಾಲ್ಕು ಜನರ ಮುಂದೆ ನಿಂತು ಮಾತಾಡುವುದು, ತಂಡಕ್ಕೆ ಒಂದು ಯೋಜನೆ ಹೇಳುವುದು, ಬೇರೆ ಜಾತಿಯ ಹುಡುಗನ ಜೊತೆ ಒಂದೇ ತಟ್ಟೆಯಲ್ಲಿ ಉಣ್ಣುವುದು. ಸ್ಕೌಟಿನ ಹಂತಗಳಾದ ಪ್ರಥಮ ಸೋಪಾನ, ದ್ವಿತೀಯ ಸೋಪಾನ, ತೃತೀಯ ಸೋಪಾನ ದಾಟಿ ರಾಜ್ಯ ಪುರಸ್ಕಾರದ ಪರೀಕ್ಷೆಗೆ ಹೋಗುವ ಹೊತ್ತಿಗೆ ಅದು ಬರುತ್ತದೆ. ಪಾತ್ರೆಯಿಲ್ಲದೆ ಅಡುಗೆ ಮಾಡುವ ಪರೀಕ್ಷೆಯಲ್ಲಿ ಹಿಟ್ಟು ಮೆತ್ತಿಸಿಕೊಂಡ ಕೈಗಳು ಒಂದೇ ಎಲೆಯ ಮೇಲೆ ಸುಟ್ಟ ರೊಟ್ಟಿ ಮುರಿಯುವಾಗ, ಮನೆಯಲ್ಲಿ ಹೇಳಿಕೊಟ್ಟ ಭೇದ ಅಲ್ಲಿ ನಿಲ್ಲುವುದಿಲ್ಲ. ನನ್ನ ಸೇವೆಯಲ್ಲಿ ನನಗೆ ಅತ್ಯಂತ ತೃಪ್ತಿ ಕೊಟ್ಟ ವಿಷಯ ಇದೊಂದೇ.

ಇಬ್ಬರು ಹೆಣ್ಣುಮಕ್ಕಳ ತಾಯಿ, ಹುಬ್ಬಳ್ಳಿ

ಎಲ್ಲವನ್ನೂ ಓದಿದೆ. ಹುಡುಗನೊಬ್ಬ ತನ್ನ ಊಟ ತಾನು ಬೇಯಿಸಿ, ತನ್ನ ಪಾತ್ರೆ ತಾನು ತೊಳೆದರೆ ಅದು ಚಾರಿತ್ರ್ಯ ನಿರ್ಮಾಣ. ನನ್ನ ಹೆಣ್ಣುಮಕ್ಕಳು ಮಾಡಿದರೆ ಅದು ದಿನನಿತ್ಯದ ಕೆಲಸ. ಈ ಭೇದ ನನಗೆ ನೋವು ಕೊಡುತ್ತದೆ. ಬೆಟ್ಟ ಹತ್ತುವ ಅವಕಾಶ ಬಂದಾಗ ಮಾತ್ರ “ಹೆಣ್ಣುಮಕ್ಕಳು, ಬೇಡ” ಎನ್ನುತ್ತಾರೆ. ಸೈನಿಕ ಶಾಲೆಗಳೇ 2021ರಿಂದ ಎಲ್ಲ ಕಡೆ ಹೆಣ್ಣುಮಕ್ಕಳಿಗೆ ಬಾಗಿಲು ತೆರೆದಿವೆ. ಊರಿನ ಖಾಸಗಿ ಶಾಲೆಗಳು ಯಾವಾಗ ತೆರೆಯುತ್ತವೆ?

ಹಾಗೆಂದು ಮೆಲ್ಬರ್ನಿನ ಅಕ್ಕನಿಗೆ ಮಗನನ್ನು ಕಳುಹಿಸಬೇಡಿ ಎನ್ನುವುದಿಲ್ಲ. ಖಂಡಿತ ಕಳುಹಿಸಿ. ಅಡುಗೆ ಕಲಿತ ಗಂಡುಮಕ್ಕಳು ನಮ್ಮ ಸಮಾಜಕ್ಕೆ ಬಹಳ ಬೇಕಾಗಿದ್ದಾರೆ.

ಮೆಲ್ಬರ್ನ್ ತಾಯಿ

ಹುಬ್ಬಳ್ಳಿಯ ಅಕ್ಕ, ನಿಮ್ಮ ಮಾತನ್ನು ಯಜಮಾನರಿಗೆ ಓದಿ ಹೇಳಿದೆ. ಸ್ಕೌಟ್ ಮೇಷ್ಟ್ರು ಕೇಳಿದ ಪ್ರಶ್ನೆಯನ್ನೂ ಬರೆದಿಟ್ಟುಕೊಂಡಿದ್ದೇನೆ. ಅಲ್ಲಿನ ಮೂಲನಿವಾಸಿ ಹಿರಿಯರೊಬ್ಬರು ಬಂದು ಆ ಭೂಮಿಯ ಬಗ್ಗೆ ಮಾತಾಡುತ್ತಾರೆ ಎಂದು ಕೈಪಿಡಿಯಲ್ಲಿ ಇದೆ. ಒಂದೇ ದಿನದ ಮಾತೋ, ಇಡೀ ಟರ್ಮ್ ನಡೆಯುವ ಒಡನಾಟವೋ ಎಂದು ಕೇಳಬೇಕು.

ತರಬೇತುದಾರರೇ, ಸುರಕ್ಷತೆಯ ಬಗ್ಗೆ ನಾನು ಏನೇನು ಕೇಳಬೇಕು? ಒಂಟಿ ರಾತ್ರಿಯ ವಿಷಯ ನೆನೆದರೆ ಈಗಲೂ ನಿದ್ದೆ ಬರುವುದಿಲ್ಲ.

ಚಾರಣ ತರಬೇತುದಾರ, ಬೆಂಗಳೂರು

ಒಂಟಿ ರಾತ್ರಿಯೇ ಎಲ್ಲಕ್ಕಿಂತ ಕಡಿಮೆ ಅಪಾಯದ್ದು ಎಂದರೆ ನಿಮಗೆ ಆಶ್ಚರ್ಯವಾಗಬಹುದು. ಸರಿಯಾಗಿ ನಡೆಸುವ ಕಡೆ ಹುಡುಗನನ್ನು ಗುರುತು ಮಾಡಿದ ಜಾಗದಲ್ಲಿ ಕೂರಿಸುತ್ತಾರೆ. ಅವನು ಅಲ್ಲಿಂದ ಅಲೆಯುವಂತಿಲ್ಲ. ಸೀಟಿ ಊದಿದರೆ ಕೇಳಿಸುವ ದೂರದಲ್ಲಿ ಶಿಕ್ಷಕರಿರುತ್ತಾರೆ, ಹೊತ್ತು ಹೊತ್ತಿಗೆ ಬಂದು ನೋಡುತ್ತಾರೆ. ಅಲ್ಲಿ ಮಾಡಲು ಕೆಲಸವೇ ಇರುವುದಿಲ್ಲ, ಸುಮ್ಮನಿರುವುದೇ ಅಲ್ಲಿನ ಪಾಠ.

ಜೀವ ತೆಗೆಯುವುದು ಹೆಚ್ಚಾಗಿ ನೀರು, ಹವಾಮಾನ ಮತ್ತು ಕಚೇರಿಯಲ್ಲಿ ಕುಳಿತವರ ಅಸಡ್ಡೆ. 1993ರ ಮಾರ್ಚ್‌ನಲ್ಲಿ ಇಂಗ್ಲೆಂಡಿನ ಲೈಮ್ ಬೇಯಲ್ಲಿ ಶಾಲಾ ಮಕ್ಕಳ ಚಿಕ್ಕ ದೋಣಿಗಳು ಸಮುದ್ರಕ್ಕೆ ಸೆಳೆದುಹೋಗಿ ನಾಲ್ವರು ಮಕ್ಕಳು ತೀರಿಕೊಂಡರು. ಕೇಂದ್ರ ನಡೆಸುತ್ತಿದ್ದ ಕಂಪನಿಯ ಮುಖ್ಯಸ್ಥನಿಗೆ ಜೈಲಾಯಿತು, 1995ರಲ್ಲಿ ಅಂಥ ಕೇಂದ್ರಗಳ ಪರವಾನಗಿಗೆ ಕಾನೂನು ಬಂತು. 2008ರ ಏಪ್ರಿಲ್‌ನಲ್ಲಿ ನ್ಯೂಜಿಲೆಂಡಿನ ಮಂಗಟೆಪೊಪೊ ಕಮರಿಯಲ್ಲಿ ಮಳೆಗೆ ಹೊಳೆ ದಿಢೀರನೆ ಉಕ್ಕಿ ಆರು ವಿದ್ಯಾರ್ಥಿಗಳೂ ಒಬ್ಬ ಶಿಕ್ಷಕರೂ ಕೊಚ್ಚಿಹೋದರು. ನಮ್ಮಲ್ಲಿ 2024ರ ಡಿಸೆಂಬರ್‌ನಲ್ಲಿ ಮುರುಡೇಶ್ವರದ ಕಡಲಲ್ಲಿ ಮುಳಬಾಗಿಲು ತಾಲ್ಲೂಕಿನ ವಸತಿ ಶಾಲೆಯ ನಾಲ್ವರು ಹೆಣ್ಣುಮಕ್ಕಳು ಮುಳುಗಿದರು. ಅದು ಸಾಹಸ ಶಿಬಿರವಾಗಿರಲಿಲ್ಲ, ಶಾಲಾ ಪ್ರವಾಸವಾಗಿತ್ತು. ನೀರಿಗೆ ಆ ವ್ಯತ್ಯಾಸ ತಿಳಿಯುವುದಿಲ್ಲ.

ಊಟದ ವಿಷಯವನ್ನೂ ಹಗುರವಾಗಿ ತೆಗೆದುಕೊಳ್ಳಬೇಡಿ. 2007ರಲ್ಲಿ ನಿಮ್ಮ ವಿಕ್ಟೋರಿಯಾದಲ್ಲೇ ಕೆಡೆಟ್ ಶಿಬಿರವೊಂದರಲ್ಲಿ ಕಡಲೆಕಾಯಿ ಅಲರ್ಜಿ ಇದ್ದ 13 ವರ್ಷದ ಹುಡುಗನಿಗೆ ಕಡಲೆಕಾಯಿ ಇದ್ದ ಊಟದ ಪೊಟ್ಟಣ ಸಿಕ್ಕಿ, ಅವನು ಉಳಿಯಲಿಲ್ಲ. ಅಲರ್ಜಿ ಇದೆಯೆಂದು ಮನೆಯವರು ಮೊದಲೇ ತಿಳಿಸಿದ್ದರು. ಫಾರಂನಲ್ಲಿ ಬರೆದದ್ದು ಅಡುಗೆ ಬಡಿಸುವವನ ಕೈಗೆ ತಲುಪುತ್ತದೆಯೇ ಎಂಬುದೇ ಕೇಳಬೇಕಾದ ಪ್ರಶ್ನೆ. ನಿಮ್ಮ ಮಗನ ಉಬ್ಬಸಕ್ಕೂ ಇದು ಅನ್ವಯಿಸುತ್ತದೆ. ಒಂದು ಇನ್‌ಹೇಲರ್ ಅವನ ಜೇಬಿನಲ್ಲಿ, ಇನ್ನೊಂದು ತಂಡದ ಶಿಕ್ಷಕರ ಚೀಲದಲ್ಲಿ ಇರಬೇಕು. ಚಳಿಯಲ್ಲಿ ಹತ್ತುವಾಗ ಉಸಿರು ಕಟ್ಟಿದರೆ ಏನು ಮಾಡಬೇಕೆಂದು ಅವನ ಜೊತೆಯ ಹುಡುಗರಿಗೂ ಗೊತ್ತಿರಬೇಕು.

ಆಸ್ಟ್ರೇಲಿಯಾದಲ್ಲಿ 2019ರಿಂದ ದೇಶಕ್ಕೆಲ್ಲ ಒಂದೇ ಸಾಹಸ ಚಟುವಟಿಕೆ ಮಾನದಂಡ ಇದೆ. ನೀವು ಅದನ್ನು ಪಾಲಿಸುತ್ತೀರಾ ಎಂದು ಕೇಳಿದರೆ ಹೌದು ಎಂದೇ ಹೇಳುತ್ತಾರೆ. ಹಾಗೆ ಕೇಳಬೇಡಿ. ಕಳೆದ ವರ್ಷ ಹವಾಮಾನ ಕೆಟ್ಟು ಯಾವ ಚಾರಣವನ್ನು ರದ್ದು ಮಾಡಿದಿರಿ, ರದ್ದು ಮಾಡುವ ಅಧಿಕಾರ ಯಾರಿಗಿದೆ ಎಂದು ಕೇಳಿ. ಸ್ಥಳದಲ್ಲಿರುವ ಕಿರಿಯ ಶಿಕ್ಷಕಿಯೂ ಯಾರ ಅಪ್ಪಣೆಯನ್ನೂ ಕಾಯದೆ ಮಕ್ಕಳನ್ನು ಹಿಂದಕ್ಕೆ ಕರೆತರಬಹುದು ಎಂಬ ಉತ್ತರ ಬಂದರೆ ಆ ಶಾಲೆಯನ್ನು ನಂಬಬಹುದು.

ಸಿಡ್ನಿ ಅಪ್ಪ

ಸಸ್ಯಾಹಾರದ ಬಗ್ಗೆ ಒಂದು ಮಾತು. ಹೋಗುವ ಮೊದಲು ಮಗನಿಗೆ ಮೂರು ಅಡುಗೆ ಕಲಿಸಿ: ಅನ್ನ, ಬೇಳೆ ಸಾರು, ಉಪ್ಪಿಟ್ಟು. ನಮ್ಮವನು ಉಪ್ಪಿಟ್ಟು ಮಾಡಿದ ಮೇಲೆ ಅವನ ಮನೆಯ ಹುಡುಗರು ಚಾರಣದ ಬೆಳಿಗ್ಗೆಗಳಿಗೆ ಅದನ್ನೇ ಕೇಳುತ್ತಿದ್ದರಂತೆ. ಬೇಗ ಆಗುತ್ತದೆ, ಹೊಟ್ಟೆ ತುಂಬುತ್ತದೆ, ರವೆ ಹೊರಲು ಹಗುರ. ಒಗ್ಗರಣೆ ಸಾಮಾನು ಒಂದು ಚಿಕ್ಕ ಡಬ್ಬಿಯಲ್ಲಿ ಕೊಟ್ಟು ಕಳುಹಿಸಿ.

ಸ್ಕೌಟ್ ಮೇಷ್ಟ್ರೇ, ನಿಮ್ಮ ದಳದ ವಿಷಯ ಓದಿ ನಮ್ಮ ಕನ್ನಡ ಸಂಘದಲ್ಲಿ ಮಾತಾಡಿದೆ. ಹಳೆಯ ಡೇರೆಗಳು, ಚೀಲಗಳು ಹಲವರ ಮನೆಯಲ್ಲಿ ಸುಮ್ಮನೆ ಬಿದ್ದಿವೆ. ಯಾರಾದರೂ ಊರಿಗೆ ಬರುವಾಗ ಕಳುಹಿಸಬಹುದೇ?

ಮೆಲ್ಬರ್ನ್ ತಾಯಿ

ಪೋಷಕರ ಸಭೆ ಮುಂದಿನ ಗುರುವಾರ. ಕೇಳುವ ಪ್ರಶ್ನೆಗಳನ್ನು ನಿಮ್ಮ ಬರಹಗಳಿಂದಲೇ ಆರಿಸಿಕೊಂಡಿದ್ದೇನೆ. ಬೆಳಗಾವಿಯವರ ಮೂರು ಪ್ರಶ್ನೆಗಳನ್ನು ಮೊದಲು ಕೇಳುತ್ತೇನೆ. ಅವಕ್ಕೆ ಸರಿಯಾದ ಉತ್ತರ ಬಾರದಿದ್ದರೆ ಉಳಿದವನ್ನು ಕೇಳುವುದಿಲ್ಲ, ಫಾರಂಗೆ ಸಹಿಯನ್ನೂ ಹಾಕುವುದಿಲ್ಲ. ಬಂದರೆ ಕಳುಹಿಸುತ್ತೇವೆ. ಈ ಚರ್ಚೆಯನ್ನು ಮಗನಿಗೂ ಓದಿ ಹೇಳಿದೆ. ಒಂಟಿ ರಾತ್ರಿಯ ಬಗ್ಗೆ ಅವನು ಒಂದು ಮಾತೂ ಕೇಳಲಿಲ್ಲ. ಮಳೆಗೆ ಸೌದೆ ನೆನೆದ ಆ ಹುಡುಗ ಮರುದಿನ ಏನು ಮಾಡಿದ ಎಂದು ಕೇಳಿದ.

ಸಿಡ್ನಿ ಅಪ್ಪ

ಮರುದಿನ ತನ್ನ ಸರದಿ ಅಲ್ಲದಿದ್ದರೂ ಅವನೇ ಎದ್ದು ಬೆಂಕಿ ಹಾಕಿದನಂತೆ ಎಂದು ಹೇಳಿ.

ಸ್ಕೌಟ್ ಮೇಷ್ಟ್ರು, ಸಾಗರ ತಾಲ್ಲೂಕು

ಸಿಡ್ನಿಯ ಸಾರ್, ನಿಮ್ಮ ಒಳ್ಳೆಯ ಮನಸ್ಸಿಗೆ ನಮಸ್ಕಾರ. ಡೇರೆ ನಮಗೆ ಜಿಲ್ಲಾ ಸಂಸ್ಥೆಯಿಂದ ಸಿಗುತ್ತದೆ, ಟಾರ್ಪಾಲಿನಲ್ಲೂ ಹುಡುಗರು ಚೆನ್ನಾಗಿ ಮಲಗುತ್ತಾರೆ. ತರಬೇತುದಾರರು ನೀರಿನ ಬಗ್ಗೆ ಬರೆದದ್ದನ್ನು ಓದಿದ ಮೇಲೆ ನನಗೆ ಬೇರೆ ಯೋಚನೆ ಹತ್ತಿದೆ. ನಮ್ಮ ಹುಡುಗರಲ್ಲಿ ಹಲವರು ಶರಾವತಿ ಹಿನ್ನೀರಿನ ಅಂಚಿನ ಊರುಗಳವರು. ನೀರಿನ ಪಕ್ಕದಲ್ಲೇ ಹುಟ್ಟಿ ಬೆಳೆದರೂ ಅರ್ಧಕ್ಕರ್ಧ ಮಂದಿಗೆ ಈಜು ಬರುವುದಿಲ್ಲ, ದಿನವೂ ದೋಣಿ ಹತ್ತುತ್ತಾರೆ. ಕಳುಹಿಸುವುದಾದರೆ ಲೈಫ್ ಜಾಕೆಟ್ ಕಳುಹಿಸಿ, ಹುಡುಗರ ಅಳತೆಯವು. ಹೆಣ್ಣುಮಕ್ಕಳ ಗೈಡ್ ದಳವೂ ನಮ್ಮ ಶಾಲೆಯಲ್ಲಿದೆ, ಹುಬ್ಬಳ್ಳಿಯ ತಾಯಿಯವರು ಹೇಳಿದಂತೆ ಅವರಿಗೂ ಸೇರಿಸಿ ಲೆಕ್ಕ ಕೊಡುತ್ತೇನೆ. ಬೆಂಗಳೂರಿನ ಸಾರ್, ಈಜು ಮತ್ತು ದೋಣಿ ರಕ್ಷಣೆ ಕಲಿಸಲು ಬೇಸಿಗೆ ರಜೆಯಲ್ಲಿ ಒಂದು ವಾರ ಬಂದು ಉಳಿಯಲು ಸಾಧ್ಯವೇ? ಊಟ, ವಸತಿ ನಮ್ಮ ಮನೆಯಲ್ಲಿ. ಮಕ್ಕಳ ಎದೆಯಳತೆ, ತೂಕಗಳ ಪಟ್ಟಿಯನ್ನು ಸೋಮವಾರ ಇಲ್ಲಿಯೇ ಬರೆಯುತ್ತೇನೆ.